ಆರೋಗ್ಯ ಪ್ರಶ್ನೋತ್ತರ: ಮಾತ್ರೆಯಲ್ಲೇ ಹಿಡಿತಕ್ಕೆ ಬರುವ ರಕ್ತದ ಕ್ಯಾನ್ಸರ್

ರಕ್ತದ ಕ್ಯಾನ್ಸರ್ ಬಗ್ಗೆ ಮೈಸೂರು, ಮಂಡ್ಯ ಕಡೆಯಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಕಾಯಿಲೆಯವು: ಕ್ರಾನಿಕ್ ಮೈಲಾಯ್ಡ್ ಲುಕೇಮಿಯಾ, ಆಸ್ಪತ್ರೆ ಚೀಟಿಯಲ್ಲಿ ಸಿ.ಎಂ.ಎಲ್. ಹಾಗಾಗಿ ಈ ಸಲದ ಅಂಕಣ ಪೂರ್ತಿ ಅದಕ್ಕೇ. ಇಲ್ಲಿ ಕೊಟ್ಟಿರುವ ಅಂಕಿಗಳು ವಯಸ್ಕರಿಗೆ ಮಾತ್ರ. ಮಾತ್ರೆಯ ಪ್ರಮಾಣ ಹೆಚ್ಚು ಕಡಿಮೆ ಮಾಡುವುದು ನಿಮ್ಮನ್ನು ನೋಡುತ್ತಿರುವ ವೈದ್ಯರ ಕೆಲಸ.

ಪ್ರಶ್ನೆ: ನನಗೆ 38 ವರ್ಷ, ಬೇಸಾಯ. ಹರ್ನಿಯಾ ಆಪರೇಷನ್‌ಗೆ ಮುಂಚೆ ರಕ್ತ ಪರೀಕ್ಷೆ ಮಾಡಿಸಿದಾಗ ಬಿಳಿ ರಕ್ತಕಣ 1,42,000 ಬಂತು. ಬ್ಲಡ್ ಕ್ಯಾನ್ಸರ್ ಇರಬಹುದು ಅಂತಾರೆ. ಜ್ವರ ಇಲ್ಲ, ನೋವಿಲ್ಲ, ಗದ್ದೆ ಕೆಲಸಕ್ಕೆ ಹೋಗ್ತಾ ಇದ್ದೀನಿ. ಎಡಗಡೆ ಹೊಟ್ಟೆ ಸ್ವಲ್ಪ ಬಿಗಿ, ಅರ್ಧ ಮುದ್ದೆಗೇ ಸಾಕು ಅನ್ನಿಸುತ್ತೆ, ಅಷ್ಟೇ. ಲ್ಯಾಬ್‌ನವರದೇ ತಪ್ಪಿರಬಹುದಾ?
— ಮದ್ದೂರು ತಾಲ್ಲೂಕಿನ ಓದುಗರು

ಉತ್ತರ: ಬಿಳಿ ಕಣ ಸಾಮಾನ್ಯವಾಗಿ 4,000ದಿಂದ 11,000 ಇರಬೇಕು. ಜೋರು ಸೋಂಕಿನಲ್ಲೂ ಅದು ಏರುತ್ತದೆ, ಆದರೆ ಜ್ವರವೇ ಇಲ್ಲದೆ ಒಂದೂವರೆ ಲಕ್ಷದ ಹತ್ತಿರ ಬರುವುದು ಅಪರೂಪ. ಎಡ ಪಕ್ಕೆಲುಬಿನ ಕೆಳಗಿನ ಬಿಗಿ, ಬೇಗ ಹೊಟ್ಟೆ ತುಂಬುವುದು, ಇವೆರಡೂ ಗುಲ್ಮ ಊದಿಕೊಂಡ ಗುರುತು. ಲ್ಯಾಬಿನ ತಪ್ಪೆಂದು ಸುಮ್ಮನಿರಬೇಡಿ. ಅದೇ ರಕ್ತದ ಸ್ಮಿಯರ್ ಅನ್ನು, ಅಂದರೆ ಗಾಜಿನ ಮೇಲೆ ಸವರಿದ ರಕ್ತದ ಹನಿಯನ್ನು, ಪೆಥಾಲಜಿಸ್ಟ್ ಕಣ್ಣಲ್ಲಿ ನೋಡಿದ್ದಾರೆಯೇ ಎಂದು ಮೊದಲು ಕೇಳಿ.

ಈ ಕಾಯಿಲೆ ಶುರುವಾಗುವುದು ಮೂಳೆಮಜ್ಜೆಯಲ್ಲಿ, ಅಂದರೆ ಎಲುಬಿನೊಳಗೆ ರಕ್ತ ಹುಟ್ಟುವ ಮೆದು ಅಂಗಾಂಶದಲ್ಲಿ. ಅಲ್ಲಿನ ಒಂದೇ ಒಂದು ತಾಯಿಕಣದಲ್ಲಿ 9ನೇ ಮತ್ತು 22ನೇ ವರ್ಣತಂತುಗಳು ತುಂಡಾಗಿ, ತುಂಡುಗಳು ಅದಲು ಬದಲಾಗಿ ಅಂಟಿಕೊಳ್ಳುತ್ತವೆ. ಗಿಡ್ಡವಾದ 22ನೇ ವರ್ಣತಂತುವನ್ನು 1960ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಪೀಟರ್ ನೋವೆಲ್ ಮತ್ತು ಡೇವಿಡ್ ಹಂಗರ್‌ಫರ್ಡ್ ಗುರುತಿಸಿದರು. ಅದು ಅದಲು ಬದಲಿನ ಫಲ ಎಂದು ತೋರಿಸಿದವರು ಜಾನೆಟ್ ರೌಲಿ, 1973ರಲ್ಲಿ. ಅಂಟಿಕೊಂಡ ಜಾಗದಲ್ಲಿ ಹುಟ್ಟುವ ಹೊಸ ಜೀನಿಗೆ ಬಿ.ಸಿ.ಆರ್.-ಎ.ಬಿ.ಎಲ್. ಎಂದು ಹೆಸರು. ಅದು ತಯಾರಿಸುವ ಕಿಣ್ವ ಆಟೋ ಸ್ಟಾರ್ಟರ್ ಕೆಟ್ಟ ಪಂಪ್‌ಸೆಟ್ಟಿನ ಹಾಗೆ: ತೊಟ್ಟಿ ತುಂಬಿ ಹರಿದರೂ ಮೋಟಾರು ನಿಲ್ಲುವುದಿಲ್ಲ. ಬೇಕೋ ಬೇಡವೋ ಬಿಳಿ ಕಣ ಹುಟ್ಟುತ್ತಲೇ ಹೋಗುತ್ತದೆ, ಮಜ್ಜೆಯಲ್ಲಿ ಜಾಗ ಸಾಲದೆ ಎಳೆಯ ಕಣಗಳು ರಕ್ತಕ್ಕೆ ಇಳಿಯುತ್ತವೆ, ಗುಲ್ಮದಲ್ಲಿ ತುಂಬಿಕೊಳ್ಳುತ್ತವೆ.

ನಿಮಗೆ ಆರಾಮ ಅನ್ನಿಸುತ್ತಿರುವುದಕ್ಕೂ ಕಾರಣವಿದೆ. ಮೊದಲ ಹಂತದಲ್ಲಿ ಈ ಕಣಗಳು ಸಂಖ್ಯೆಯಲ್ಲಿ ಅತಿಯಾದರೂ ಬಲಿತು ತಮ್ಮ ಕೆಲಸ ಮಾಡುತ್ತವೆ. ಬಲಿಯದ ಬ್ಲಾಸ್ಟ್ ಕಣಗಳೇ ಶೇ. 20 ದಾಟಿದರೆ ಅದು ಬ್ಲಾಸ್ಟ್ ಹಂತ, ಅಲ್ಲಿಗೆ ಹೋದರೆ ಚಿಕಿತ್ಸೆ ಬಹಳ ಕಷ್ಟ. ಆ ಕೆಟ್ಟ ಕಿಣ್ವಕ್ಕೆ ಅಂಟಿ ಕೂತು ಅದನ್ನು ನಿಲ್ಲಿಸುವ ಇಮಾಟಿನಿಬ್‌ನಂಥ ಈಗಿನ ಮಾತ್ರೆಗಳಿಲ್ಲದ ಕಾಲದಲ್ಲಿ ಹೆಚ್ಚಿನವರು ಮೂರರಿಂದ ಐದು ವರ್ಷದಲ್ಲಿ ಅಲ್ಲಿಗೆ ತಲುಪುತ್ತಿದ್ದರು. ಈಗ ಮೊದಲ ಹಂತದಲ್ಲೇ ಗೊತ್ತಾಗಿ ಸರಿಯಾಗಿ ಮಾತ್ರೆ ತೆಗೆದುಕೊಂಡವರ ಆಯುಸ್ಸು ಓರಗೆಯವರ ಆಯುಸ್ಸಿಗೆ ಹತ್ತಿರ ಬಂದಿದೆ.

ಮಾಡಿಸಬೇಕಾದ ಪರೀಕ್ಷೆ ಮೂರು. ರಕ್ತದಲ್ಲಿ ಬಿ.ಸಿ.ಆರ್.-ಎ.ಬಿ.ಎಲ್. ಪಿ.ಸಿ.ಆರ್., ಅಂದರೆ ಆ ಕೆಟ್ಟ ಜೀನಿನ ಗುರುತು ಎಷ್ಟಿದೆ ಎಂದು ಅಳೆಯುವ ಪರೀಕ್ಷೆ; ಮೂಳೆಮಜ್ಜೆ ಪರೀಕ್ಷೆ; ಯಕೃತ್ತು, ಕಿಡ್ನಿ, ಯೂರಿಕ್ ಆಮ್ಲದ ರಕ್ತ ಪರೀಕ್ಷೆ. ರಕ್ತದಲ್ಲೇ ಗೊತ್ತಾಗುವಾಗ ಮೂಳೆಗೆ ಯಾಕೆ ಸೂಜಿ ಎಂದು ಅನೇಕರು ಹಿಂದೇಟು ಹಾಕುತ್ತಾರೆ. ಬ್ಲಾಸ್ಟ್ ಕಣ ಎಷ್ಟಿದೆ, ಬೇರೆ ವರ್ಣತಂತುಗಳೂ ಕೆಟ್ಟಿವೆಯೇ ಎಂಬುದು ಖಚಿತವಾಗುವುದು ಮಜ್ಜೆಯಿಂದ. ಸೊಂಟದ ಹಿಂಬದಿಯ ಎಲುಬಿಗೆ ಮರಗಟ್ಟುವ ಇಂಜೆಕ್ಷನ್ ಕೊಟ್ಟು ತೆಗೆಯುತ್ತಾರೆ, ಅರ್ಧ ಗಂಟೆಯೊಳಗೆ ಮುಗಿಯುತ್ತದೆ, ಎಳೆಯುವ ಕ್ಷಣದಲ್ಲಿ ಮಾತ್ರ ಚುರುಕ್ ಎನ್ನುತ್ತದೆ. ಒಂದು ದಿನ ಆ ಜಾಗ ಒದ್ದೆ ಮಾಡಬೇಡಿ.

ಚಿಕಿತ್ಸೆ ಶುರುವಾಗುವ ಮುಂಚೆ ಗುಲ್ಮ ಪಕ್ಕೆಲುಬಿನಿಂದ ಎಷ್ಟು ಸೆಂಟಿಮೀಟರ್ ಕೆಳಗೆ ಬಂದಿದೆ ಎಂದು ವೈದ್ಯರು ಕೈಯಲ್ಲಿ ಮುಟ್ಟಿ ಅಳೆದು ಬರೆಯಬೇಕು. ವಯಸ್ಸು, ಗುಲ್ಮದ ಅಳತೆ, ಪ್ಲೇಟ್‌ಲೆಟ್, ಬ್ಲಾಸ್ಟ್ ಶೇಕಡ, ಈ ನಾಲ್ಕರಿಂದಲೇ ಅಪಾಯದ ಲೆಕ್ಕ ಹಾಕುವುದು. ಮಾತ್ರೆ ಶುರುವಾದ ಮೇಲೆ ಗುಲ್ಮ ಇಳಿಯುತ್ತದೆ, ಆಮೇಲೆ ಅಳೆದರೆ ಲೆಕ್ಕ ಸಿಗದು.

ವರದಿ ಬರುವ ತನಕ ಹೈಡ್ರಾಕ್ಸಿಯೂರಿಯಾ ಮತ್ತು ಅಲೋಪ್ಯೂರಿನಾಲ್ ಕೊಡಬಹುದು. ಮೊದಲನೆಯದು ಕಣಗಳ ಸಂಖ್ಯೆ ತಗ್ಗಿಸಲು, ಎರಡನೆಯದು ಸಾಯುವ ಕಣಗಳಿಂದ ಏರುವ ಯೂರಿಕ್ ಆಮ್ಲ ಕಿಡ್ನಿಗೆ ಹೊಡೆಯದಿರಲು. ಕಿಡ್ನಿ, ಹೃದಯ ಸರಿಯಿದ್ದರೆ ದಿನಕ್ಕೆ ಎರಡೂವರೆ ಮೂರು ಲೀಟರ್ ನೀರು ಕುಡಿಯಿರಿ. ಹೊಟ್ಟೆಯಲ್ಲಿ ಗಡ್ಡೆ ಎಂದು ಎಣ್ಣೆ ಹಚ್ಚಿ ತಿಕ್ಕಿಸಬೇಡಿ; ಊದಿದ ಗುಲ್ಮ ಒಡೆದರೆ ಪ್ರಾಣಕ್ಕೇ ಅಪಾಯ. ಕಣ್ಣು ಮಂಜಾಗುವುದು, ಉಸಿರುಗಟ್ಟುವುದು, ತಲೆ ಸಿಡಿಯುವ ನೋವು, ಗಂಡಸರಲ್ಲಿ ಗಂಟೆಗಟ್ಟಲೆ ಇಳಿಯದ ನಿಮಿರು, ಇವುಗಳಲ್ಲಿ ಯಾವುದು ಕಂಡರೂ ಅದೇ ಹೊತ್ತಿಗೆ ಆಸ್ಪತ್ರೆಗೆ ಹೊರಡಿ. ಹರ್ನಿಯಾ ಕಾಯಲಿ.

ಪ್ರಶ್ನೆ: ನಮ್ಮ ತಂದೆಗೆ ಈ ಕಾಯಿಲೆ. ನಮಗೂ ಮಕ್ಕಳಿಗೂ ಪರೀಕ್ಷೆ ಮಾಡಿಸಬೇಕೇ? ತಟ್ಟೆ ಲೋಟ ಬೇರೆ ಇಡಬೇಕೇ?
— ಕುವೆಂಪುನಗರ, ಮೈಸೂರು

ಉತ್ತರ: ಎರಡೂ ಬೇಡ. ವರ್ಣತಂತು ತುಂಡಾಗುವುದು ಹುಟ್ಟಿದ ಮೇಲೆ, ರಕ್ತದ ತಾಯಿಕಣದಲ್ಲಿ. ಅದು ವೀರ್ಯದಲ್ಲಿಯೂ ಇಲ್ಲ, ಅಂಡಾಣುವಿನಲ್ಲಿಯೂ ಇಲ್ಲ. ಖಚಿತವಾಗಿ ಗೊತ್ತಿರುವ ಕಾರಣ ಒಂದೇ, ಭಾರಿ ಪ್ರಮಾಣದ ವಿಕಿರಣ, ಜಪಾನಿನ ಅಣುಬಾಂಬಿಗೆ ಸಿಕ್ಕಿ ಉಳಿದವರಲ್ಲಿ ಕಂಡಂಥದ್ದು. ತಂದೆಯವರ ತಟ್ಟೆಯಲ್ಲೇ ಉಣ್ಣಿ.

ಪ್ರಶ್ನೆ: ನಮ್ಮ ಯಜಮಾನರು ಆಲೆಮನೆಯಲ್ಲಿ ಕೆಲಸ ಮಾಡುತ್ತಾರೆ. ಇಮಾಟಿನಿಬ್ 400 ಮಾತ್ರೆ ಶುರುವಾಗಿ ಎರಡು ತಿಂಗಳು. ಬೆಳಗ್ಗೆ ಐದಕ್ಕೆ ಬರೀ ಹೊಟ್ಟೆಗೆ ನುಂಗಿ ಹೊರಡುತ್ತಾರೆ, ವಾರಕ್ಕೆ ಎರಡು ಸಲ ವಾಂತಿ. ಎದ್ದಾಗ ಕಣ್ಣು ಊದಿರುತ್ತೆ, ರಾತ್ರಿ ಮೀನಖಂಡ ಹಿಡಿದುಕೊಳ್ಳುತ್ತೆ. ಮೈ ಬೇರೆ ಬೆಳ್ಳಗಾಗ್ತಾ ಇದೆ. ಮಾತ್ರೆ ಒಗ್ಗುತ್ತಿಲ್ಲ ಅಂತ ಬಿಡಿಸೋದಾ?
— ಮಳವಳ್ಳಿಯ ಓದುಗರು

ಉತ್ತರ: ಬಿಡಿಸಬೇಡಿ ತಾಯಿ, ಹೊತ್ತು ಬದಲಿಸಿ. ಇಮಾಟಿನಿಬ್ ಹೊಟ್ಟೆಯ ಒಳಪದರವನ್ನು ಕೆರಳಿಸುತ್ತದೆ, ಬರೀ ಹೊಟ್ಟೆಗೆ ಬಿದ್ದರೆ ವಾಂತಿ ಬರುವುದರಲ್ಲಿ ಆಶ್ಚರ್ಯವಿಲ್ಲ. ದಿನದ ದೊಡ್ಡ ಊಟ ಯಾವುದೋ ಅದರ ಜೊತೆಗೆ ತೆಗೆದುಕೊಳ್ಳಲಿ. ಅವರಿಗೆ ಅದು ಮಧ್ಯಾಹ್ನದ ಮುದ್ದೆ ಊಟವಾದರೆ ಮಧ್ಯಾಹ್ನವೇ ಸರಿ. ಅರ್ಧ ಊಟ ಆದಮೇಲೆ ಮಾತ್ರೆ, ದೊಡ್ಡ ಲೋಟದ ತುಂಬ ನೀರು, ಮತ್ತೆ ಉಳಿದ ಊಟ. ನುಂಗಿದ ಮೇಲೆ ಒಂದು ಗಂಟೆ ಮಲಗಬಾರದು. ನುಂಗಲು ಕಷ್ಟವಾದರೆ 400ರ ಮಾತ್ರೆಯನ್ನು ಸುಮಾರು 200 ಮಿ.ಲೀ. ನೀರಿನಲ್ಲಿ ಹಾಕಿ, ಚಮಚದಲ್ಲಿ ಕದಡಿ, ಪೂರ್ತಿ ಕರಗಿದ ತಕ್ಷಣ ಕುಡಿದುಬಿಡಬಹುದು. ಲೋಟದ ತಳ ತೊಳೆದು ಅದನ್ನೂ ಕುಡಿಯಲಿ.

ವಾಂತಿಯಾದರೆ ಅವತ್ತು ಇನ್ನೊಂದು ಮಾತ್ರೆ ಬೇಡ. ಮರೆತಿದ್ದರೆ ಅದೇ ದಿನ ನೆನಪಾದಾಗ ಊಟದ ಜೊತೆ ತೆಗೆದುಕೊಳ್ಳಲಿ, ಮಾರನೆಯ ದಿನ ಎರಡು ನುಂಗಬಾರದು.

ಕಣ್ಣ ಸುತ್ತಲಿನ ಊತ ಈ ಮಾತ್ರೆಗೆ ಅಂಟಿಕೊಂಡೇ ಬಂದದ್ದು. ಬೆಳಗ್ಗೆ ಹೆಚ್ಚು, ಮಧ್ಯಾಹ್ನಕ್ಕೆ ಇಳಿಯುತ್ತದೆ. ತಲೆದಿಂಬು ಸ್ವಲ್ಪ ಎತ್ತರ ಮಾಡಿ, ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ಕಡಿಮೆ ಮಾಡಿ. ವಾರದಲ್ಲಿ ಎರಡು ಕೆ.ಜಿ.ಗಿಂತ ತೂಕ ಏರಿದರೆ, ಕಾಲು ಊದಿ ಉಸಿರು ಕಟ್ಟಿದರೆ ಮಾತ್ರ ಅದು ಬೇರೆ ವಿಷಯ, ಕೂಡಲೇ ತೋರಿಸಿ. ಮೀನಖಂಡದ ಸೆಳೆತಕ್ಕೆ ಕೊಪ್ಪರಿಗೆ ಮುಂದಿನ ಬೆವರೂ ಸೇರಿಕೊಂಡಿದೆ. ಕೆಲಸದ ಹೊತ್ತಿನಲ್ಲಿ ಗಂಟೆಗೊಮ್ಮೆ ನೀರು, ಮಲಗುವ ಮುಂಚೆ ಗೋಡೆಗೆ ಕೈಕೊಟ್ಟು ಹಿಮ್ಮಡಿ ಊರಿ ಕಾಲು ಎಳೆಯುವುದು, ಒಮ್ಮೆ ಪೊಟ್ಯಾಸಿಯಂ, ಕ್ಯಾಲ್ಸಿಯಂ, ಮೆಗ್ನೀಸಿಯಂ ಪರೀಕ್ಷೆ. ಮೈ ಬೆಳ್ಳಗಾಗುವುದು ಚರ್ಮದ ಬಣ್ಣ ತಯಾರಾಗುವ ದಾರಿಯನ್ನೂ ಇಮಾಟಿನಿಬ್ ತಡೆಯುವುದರಿಂದ. ನಮ್ಮವರ ಮೈಬಣ್ಣದಲ್ಲಿ ಎದ್ದು ಕಾಣುತ್ತದೆ, ತೊನ್ನು ಅಲ್ಲ, ಹಾನಿಯೂ ಇಲ್ಲ. ಬಿಸಿಲಿಗೆ ತುಂಬು ತೋಳಿನ ಅಂಗಿ ಸಾಕು.

ವೈದ್ಯರೇ ಮಾತ್ರೆ ನಿಲ್ಲಿಸುವ ಸಂದರ್ಭವೂ ಇದೆ: ನ್ಯೂಟ್ರೋಫಿಲ್ (ಸೋಂಕಿನ ವಿರುದ್ಧ ಹೋರಾಡುವ ಬಿಳಿ ಕಣ) 1,000ಕ್ಕಿಂತ ಅಥವಾ ಪ್ಲೇಟ್‌ಲೆಟ್ 50,000ಕ್ಕಿಂತ ಕೆಳಗಿಳಿದಾಗ. ನ್ಯೂಟ್ರೋಫಿಲ್ 1,500, ಪ್ಲೇಟ್‌ಲೆಟ್ 75,000 ದಾಟಿದ ಮೇಲೆ ಮತ್ತೆ ಶುರು. ಮೊದಲ ಮೂರು ತಿಂಗಳಲ್ಲಿ ಈ ಇಳಿತ ಹೆಚ್ಚು, ಹಾಗಾಗಿ ಸಿ.ಬಿ.ಸಿ., ಅಂದರೆ ರಕ್ತಕಣಗಳ ಎಣಿಕೆ, ತಪ್ಪಿಸಬೇಡಿ. 101 ಡಿಗ್ರಿ ಜ್ವರ ಬಂದರೆ ಪ್ಯಾರಾಸಿಟಮಾಲ್ ನುಂಗಿ ಕಾಯುವುದು ಬೇಡ, ಮೊದಲು ರಕ್ತಕಣ ಎಣಿಸಿ ನೋಡಲಿ.

ಪ್ರಶ್ನೆ: ನಾನು ಶಿಕ್ಷಕ. ಇಮಾಟಿನಿಬ್ ಶುರುವಾಗಿ ಎರಡು ತಿಂಗಳಿಗೇ ಬಿಳಿ ಕಣ 6,000ಕ್ಕೆ ಬಂತು, ಈಗಲೂ ಹಾಗೇ ಇದೆ. ಪಿ.ಸಿ.ಆರ್. ಮೂರನೇ ತಿಂಗಳಲ್ಲಿ ಶೇ. 8, ಆರನೇ ತಿಂಗಳಲ್ಲಿ ಶೇ. 0.9. ದುಡ್ಡಿನ ತೊಂದರೆಯಿಂದ ನಡುವೆ ಮಾಡಿಸಲಿಲ್ಲ. ಹನ್ನೆರಡನೇ ತಿಂಗಳಲ್ಲಿ ಬೇರೆ ಲ್ಯಾಬ್‌ನಲ್ಲಿ ಶೇ. 0.4. ಒಂದಕ್ಕಿಂತ ಕಡಿಮೆ ಇದೆಯಲ್ಲ, ವೈದ್ಯರು ಯಾಕೆ ಮುಖ ಗಂಟಿಕ್ಕಿದರು? ಸಿ.ಬಿ.ಸಿ. ಸರಿಯಿದ್ದ ಮೇಲೆ ಈ ದುಬಾರಿ ಪರೀಕ್ಷೆ ಯಾಕೆ?
— ಶ್ರೀರಂಗಪಟ್ಟಣದ ಓದುಗರು

ಉತ್ತರ: ಬಂದ ಪತ್ರಗಳಲ್ಲಿ ಮುಖ್ಯವಾದದ್ದು ನಿಮ್ಮದೇ, ಏಕೆಂದರೆ ಈ ಕಾಯಿಲೆಯಲ್ಲಿ ಜನ ಎಡವುವುದು ಸಿ.ಬಿ.ಸಿ. ಸರಿಯಾದ ಜಾಗದಲ್ಲೇ. ಬಿಳಿ ಕಣದ ಎಣಿಕೆ ಸರಿಹೋಗುವುದು ಮೊದಲ ಮೆಟ್ಟಿಲು, ಅದು ವಾರಗಳಲ್ಲಿ ಆಗುತ್ತದೆ. ಆಗಲೂ ದೇಹದಲ್ಲಿ ಕೋಟಿಗಟ್ಟಲೆ ಕೆಟ್ಟ ಕಣಗಳಿರಬಹುದು, ಸಿ.ಬಿ.ಸಿ.ಗೆ ಅವು ಕಾಣುವುದಿಲ್ಲ. ಪಿ.ಸಿ.ಆರ್.ಗೆ ಕಾಣುತ್ತವೆ. ಲಕ್ಷಕ್ಕೆ ಒಂದು ಕಣವಿದ್ದರೂ ಒಳ್ಳೆಯ ಲ್ಯಾಬು ಹಿಡಿಯಬಲ್ಲದು.

ವರದಿಯ ಶೇಕಡ ಎಂದರೆ ನೂರು ಕಣದಲ್ಲಿ ಇಷ್ಟು ಎಂದಲ್ಲ. ಚಿಕಿತ್ಸೆಗೆ ಮುಂಚಿನ ಒಂದು ಸರಾಸರಿ ಮಟ್ಟವನ್ನು 100 ಎಂದು ಜಗತ್ತಿನ ಲ್ಯಾಬುಗಳೆಲ್ಲ ಒಪ್ಪಿಕೊಂಡಿವೆ, ಅದಕ್ಕೆ ಇಂಟರ್‌ನ್ಯಾಷನಲ್ ಸ್ಕೇಲ್ ಅಥವಾ ಐ.ಎಸ್. ಎನ್ನುತ್ತಾರೆ. ಶೇ. 0.1 ಎಂದರೆ ಆ ಮಟ್ಟದಿಂದ ಸಾವಿರ ಪಟ್ಟು ಇಳಿದಿದೆ ಎಂದರ್ಥ. ಮುಟ್ಟಬೇಕಾದ ಗುರಿ ಹೀಗೆ: ಮೂರು ತಿಂಗಳಿಗೆ ಶೇ. 10 ಅಥವಾ ಕಡಿಮೆ, ಆರಕ್ಕೆ ಶೇ. 1, ಹನ್ನೆರಡಕ್ಕೆ ಶೇ. 0.1. ಹನ್ನೆರಡನೇ ತಿಂಗಳಲ್ಲೂ ಶೇ. 1ಕ್ಕಿಂತ ಮೇಲಿದ್ದರೆ ಮಾತ್ರೆ ಸೋತಿದೆ ಎಂದೇ ಲೆಕ್ಕ. ನಿಮ್ಮ 0.4 ಎರಡರ ನಡುವೆ ನಿಂತಿದೆ. ಸೋಲಲ್ಲ, ಎಚ್ಚರಿಕೆ. ಮೂರು, ಆರನೇ ತಿಂಗಳಲ್ಲಿ ನೀವು ಸರಿಯಾದ ದಾರಿಯಲ್ಲೇ ಇದ್ದಿರಿ. ಆಮೇಲಿನ ಇಳಿತ ನಿಧಾನವಾಗಿದೆ ಎಂಬುದು ವೈದ್ಯರ ಚಿಂತೆ.

ಅವರು ನಿಮ್ಮನ್ನು ಮೊದಲು ಕೇಳುವುದು, ಎಷ್ಟು ಮಾತ್ರೆ ತಪ್ಪಿತು ಎಂದು. ಬೇಜಾರು ಮಾಡಿಕೊಳ್ಳಬೇಡಿ. ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಯವರು 87 ಮಂದಿಯ ಮಾತ್ರೆ ಡಬ್ಬಿಯ ಮುಚ್ಚಳಕ್ಕೆ ಚಿಪ್ ಕೂರಿಸಿ ಮೂರು ತಿಂಗಳು ನೋಡಿ, 2010ರಲ್ಲಿ ಫಲಿತಾಂಶ ಪ್ರಕಟಿಸಿದರು. ಶೇ. 90ಕ್ಕಿಂತ ಹೆಚ್ಚು ಮಾತ್ರೆ ತೆಗೆದುಕೊಂಡವರಲ್ಲಿ 0.1ರ ಗುರಿ ಮುಟ್ಟುವ ಸಾಧ್ಯತೆ ಶೇ. 94ರಷ್ಟು, ಅದಕ್ಕಿಂತ ಕಡಿಮೆಯವರಲ್ಲಿ ಶೇ. 28. ಶೇ. 90 ಅಂದರೆ ತಿಂಗಳಿಗೆ ಮೂರು ಮಾತ್ರೆ ತಪ್ಪುವುದು, ಅಷ್ಟೇ. ಏಕಾದಶಿ, ಶಿವರಾತ್ರಿ, ಒಂದು ಮದುವೆ ಮನೆ, ಮೂರೂ ಮುಗಿಯಿತು. ಉಪವಾಸದ ದಿನ ಫಲಾಹಾರದ ಜೊತೆಗಾದರೂ ಮಾತ್ರೆ ಹೋಗಬೇಕು.

ಮಾತ್ರೆ ತಪ್ಪಿಲ್ಲ, ಅಡ್ಡ ಬರುವ ಬೇರೆ ಔಷಧಿಯೂ ಇಲ್ಲ ಎಂದಾದರೆ, ಮೂರು ತಿಂಗಳೊಳಗೆ ಮತ್ತೆ ಪಿ.ಸಿ.ಆರ್. ಆಗಲೂ ಇಳಿಯದಿದ್ದರೆ ಅಥವಾ ಏರಿದರೆ ಮ್ಯುಟೇಶನ್ ಪರೀಕ್ಷೆ, ಕಿಣ್ವದ ಆಕಾರ ಬದಲಾಗಿ ಮಾತ್ರೆ ಕೂರದಂತಾಗಿದೆಯೇ ಎಂದು ನೋಡಲು. ಟಿ315ಐ ಎಂಬ ಬದಲಾವಣೆ ಸಿಕ್ಕಿದರೆ ಇಮಾಟಿನಿಬ್, ಡಾಸಾಟಿನಿಬ್, ನಿಲೋಟಿನಿಬ್ ಮೂರೂ ನಡೆಯುವುದಿಲ್ಲ, ಪೊನಾಟಿನಿಬ್ ಅಥವಾ ಅಸಿಮಿನಿಬ್ ಬೇಕು. ಬೇರೆ ಮಾತ್ರೆಗೆ ಹೋಗುವಾಗ ನಿಮ್ಮ ಉಳಿದ ಕಾಯಿಲೆಯೂ ಲೆಕ್ಕಕ್ಕೆ ಬರುತ್ತದೆ: ಸಕ್ಕರೆ ಕಾಯಿಲೆ, ಹೃದಯದ ತೊಂದರೆ ಇರುವವರಿಗೆ ನಿಲೋಟಿನಿಬ್ ಅಷ್ಟು ಒಳ್ಳೆಯದಲ್ಲ, ಶ್ವಾಸಕೋಶ ಸರಿಯಿಲ್ಲದವರಿಗೆ ಡಾಸಾಟಿನಿಬ್ ಎದೆಯಲ್ಲಿ ನೀರು ತುಂಬಿಸಬಹುದು.

ಇನ್ನು ಲ್ಯಾಬ್ ಬದಲಿಸಿದ್ದು. ಒಂದೇ ರಕ್ತಕ್ಕೆ ಎರಡು ಲ್ಯಾಬು ಎರಡು ಮೂರು ಪಟ್ಟು ವ್ಯತ್ಯಾಸ ಕೊಡಬಲ್ಲವು. ಸಾಧ್ಯವಾದಷ್ಟೂ ಒಂದೇ ಕಡೆ ಮಾಡಿಸಿ. ವರದಿಯಲ್ಲಿ ಮೂರು ವಿಷಯ ಹುಡುಕಿ: ಐ.ಎಸ್. ಎಂದು ಬರೆದಿದೆಯೇ, ಯಾವ ಬಗೆಯ ಟ್ರಾನ್ಸ್‌ಕ್ರಿಪ್ಟ್ (ಕೆಟ್ಟ ಜೀನಿನ ಆರ್.ಎನ್.ಎ. ಪ್ರತಿ; ಸಾಮಾನ್ಯವಾಗಿ ಪಿ210), ಹೋಲಿಕೆಗಾಗಿ ಎಣಿಸುವ ಎ.ಬಿ.ಎಲ್. ಪ್ರತಿಗಳ ಸಂಖ್ಯೆ ಎಷ್ಟು. ಕೊನೆಯದನ್ನು ಯಾರೂ ನೋಡುವುದಿಲ್ಲ. ಅದು ಹತ್ತು ಸಾವಿರ ದಾಟಿರಬೇಕು. ಎರಡು ಸಾವಿರವಿದ್ದು ‘ಪತ್ತೆಯಾಗಿಲ್ಲ’ ಎಂದು ಬರೆದಿದ್ದರೆ ಮಾದರಿಯೇ ಹಾಳಾಗಿದೆ, ಸಂತೋಷಪಡುವಂಥದ್ದೇನಿಲ್ಲ. ರಕ್ತ ನೇರಳೆ ಮುಚ್ಚಳದ ಇ.ಡಿ.ಟಿ.ಎ. ಟ್ಯೂಬಿನಲ್ಲಿ ತೆಗೆದು ಒಂದೆರಡು ದಿನದೊಳಗೆ ಲ್ಯಾಬಿಗೆ ತಲುಪಬೇಕು, ಅದರೊಳಗಿನ ಆರ್.ಎನ್.ಎ. ಬೇಗ ಕೆಡುತ್ತದೆ. ಶನಿವಾರ ಸಂಜೆ ರಕ್ತ ಕೊಟ್ಟು, ಮೈಸೂರಿನಿಂದ ಅದು ಹೊರಡುವುದು ಸೋಮವಾರವಾದರೆ ದುಡ್ಡು ನೀರಿಗೆ. ವಾರದ ಮೊದಲ ದಿನಗಳಲ್ಲಿ ಕೊಡಿ.

ಪ್ರಶ್ನೆ: ಡಾಸಾಟಿನಿಬ್ ತಗೊಳ್ತಾ ಇದ್ದೇನೆ. ಹುಳಿತೇಗಿಗೆ ಗ್ಯಾಸಿನ ಮಾತ್ರೆ, ಪ್ಲೇಟ್‌ಲೆಟ್‌ಗೆ ಪಪ್ಪಾಯಿ ಎಲೆ ರಸ, ಶಕ್ತಿಗೆ ಅಮೃತಬಳ್ಳಿ ಕಷಾಯ ನಡೆಯುತ್ತಾ?
— ನಂಜನಗೂಡು

ಉತ್ತರ: ಗ್ಯಾಸಿನ ಮಾತ್ರೆಯೇ ಮೊದಲ ತೊಂದರೆ. ಡಾಸಾಟಿನಿಬ್ ರಕ್ತಕ್ಕೆ ಸೇರಲು ಹೊಟ್ಟೆಯಲ್ಲಿ ಆಮ್ಲ ಬೇಕು. ಒಮೆಪ್ರಜೋಲ್, ಪ್ಯಾಂಟೊಪ್ರಜೋಲ್, ರಾನಿಟಿಡಿನ್ ಜಾತಿಯವು ಆಮ್ಲವನ್ನೇ ನಿಲ್ಲಿಸುತ್ತವೆ, ದುಬಾರಿ ಮಾತ್ರೆ ಹೊಟ್ಟೆಯಿಂದ ಹಾಗೇ ಹೊರಗೆ ಹೋಗುತ್ತದೆ. ಬೇಕೇ ಬೇಕಾದರೆ ಸಾದಾ ಆಂಟಾಸಿಡ್, ಎರಡರ ನಡುವೆ ಎರಡು ಗಂಟೆ ಅಂತರ. ಅಮೃತಬಳ್ಳಿಯಿಂದ ಯಕೃತ್ತು ಕೆಟ್ಟ ಪ್ರಕರಣಗಳು ಮುಂಬಯಿಯಿಂದ 2021ರಲ್ಲೇ ವರದಿಯಾಗಿವೆ, ಯಕೃತ್ತಿನ ಮೂಲಕ ಹೋಗುವ ಈ ಮಾತ್ರೆಯ ಜೊತೆ ಬೇಡ. ಪಪ್ಪಾಯಿ ಎಲೆಯೂ ಬೇಡ, ಪ್ಲೇಟ್‌ಲೆಟ್ ಇಳಿದಿದ್ದರೆ ಮಾತ್ರೆಯ ಪ್ರಮಾಣ ಸರಿಪಡಿಸುವುದೇ ಮದ್ದು. ಕವರಿನ ಚೀಟಿಯಲ್ಲಿ ಗ್ರೇಪ್‌ಫ್ರೂಟ್ ತಿನ್ನಬೇಡಿ ಎಂದಿರುತ್ತದೆ. ನಮ್ಮ ಚಕ್ಕೋತ ಅದರ ತಾಯಿಹಣ್ಣು, ಆ ಎಚ್ಚರಿಕೆ ಚಕ್ಕೋತಕ್ಕೂ ಸಲ್ಲುತ್ತದೆ. ಮೂಸಂಬಿ, ಕಿತ್ತಳೆ ತಿನ್ನಬಹುದು.

ಕ್ಷಯ ಬಂದು ರಿಫಾಂಪಿಸಿನ್ ಶುರುಮಾಡುವವರೂ, ಫಿಟ್ಸ್‌ಗೆ ಫೆನಿಟಾಯ್ನ್ ಅಥವಾ ಕಾರ್ಬಮಜಪೀನ್ ನುಂಗುವವರೂ ತಪ್ಪದೆ ಹೇಳಬೇಕು. ಇವು ಕ್ಯಾನ್ಸರ್ ಮಾತ್ರೆಯನ್ನು ಯಕೃತ್ತಿನಲ್ಲೇ ಬೇಗ ಒಡೆದುಹಾಕುತ್ತವೆ.

ಪ್ರಶ್ನೆ: ನನಗೆ 26, ಮದುವೆಯಾಗಿ ವರ್ಷ. ಇಮಾಟಿನಿಬ್ ಎರಡು ವರ್ಷದಿಂದ. ಮಗು ಬೇಡವೇ ಬೇಡ ಎನ್ನುತ್ತಾರೆ ಅತ್ತೆ ಮನೆಯವರು.
— ಕೆ.ಆರ್.ಪೇಟೆ

ಉತ್ತರ: ಬೇಡವೇ ಬೇಡ ಎನ್ನುವಂತಿಲ್ಲ, ಈಗಲೇ ಬೇಡ. ಗರ್ಭದ ಮೊದಲ ತಿಂಗಳುಗಳಲ್ಲಿ ಇಮಾಟಿನಿಬ್ ಹೊಟ್ಟೆಯಲ್ಲಿದ್ದರೆ ಮಗುವಿನ ಹೊಕ್ಕುಳ ಭಾಗ, ಎಲುಬು ಸರಿಯಾಗಿ ಕೂಡದಿರುವ ಅಪಾಯವಿದೆ. ಪಿ.ಸಿ.ಆರ್. ಶೇ. 0.01ಕ್ಕಿಂತ ಕೆಳಗೆ ಎರಡು ಮೂರು ವರ್ಷ ನಿಂತ ಮೇಲೆ, ವೈದ್ಯರೊಡನೆ ದಿನ ಗೊತ್ತುಮಾಡಿ ಮಾತ್ರೆ ನಿಲ್ಲಿಸಿ, ಗರ್ಭ ಧರಿಸಿ, ತಿಂಗಳಿಗೊಮ್ಮೆ ಪಿ.ಸಿ.ಆರ್. ನೋಡುತ್ತ ಹೋಗುವ ಕ್ರಮವಿದೆ. ನಡುವೆ ಏರಿದರೆ ಇಂಟರ್‌ಫೆರಾನ್ ಇಂಜೆಕ್ಷನ್ ಕೊಡುತ್ತಾರೆ. ಎದೆಹಾಲು ಕೊಡುವಾಗ ಮಾತ್ರೆ ಕೂಡದು. ಅಲ್ಲಿಯವರೆಗೆ ಗರ್ಭನಿರೋಧಕ ತಪ್ಪಿಸಬೇಡಿ. ಮುಟ್ಟು ತಪ್ಪಿದರೆ ಅದೇ ವಾರ ಪರೀಕ್ಷೆ ಮಾಡಿಕೊಂಡು ಅದೇ ದಿನ ವೈದ್ಯರಿಗೆ ತಿಳಿಸಿ. ಕಾಯಿಲೆ ಗಂಡನಿಗಿದ್ದು ಅವರು ಇಮಾಟಿನಿಬ್ ತೆಗೆದುಕೊಳ್ಳುತ್ತಿದ್ದರೆ ಮಗುವಿಗೆ ಈ ತೊಂದರೆ ಕಂಡುಬಂದಿಲ್ಲ. ಈ ಮಾತನ್ನು ಅತ್ತೆಯವರನ್ನೂ ಕೂರಿಸಿಕೊಂಡು ವೈದ್ಯರ ಬಾಯಿಂದಲೇ ಹೇಳಿಸಿ, ನಮ್ಮ ಕಡೆ ಅದರಿಂದ ಅರ್ಧ ಜಗಳ ತಪ್ಪುತ್ತದೆ.

ಪ್ರಶ್ನೆ: ಆರು ವರ್ಷದಿಂದ ಮಾತ್ರೆ. ‘ಪತ್ತೆಯಾಗಿಲ್ಲ’ ಎಂದು ಬರುತ್ತಿದೆ. ನಿಲ್ಲಿಸಬಹುದೇ?
— ಹುಣಸೂರು

ಉತ್ತರ: ಕೆಲವರು ನಿಲ್ಲಿಸಬಹುದು. ಕಾಯಿಲೆ ಮೊದಲ ಹಂತ ದಾಟಿರಬಾರದು, ಇಮಾಟಿನಿಬ್ ಐದು ವರ್ಷ ಮೀರಿರಬೇಕು, ಶೇ. 0.01 ಅಥವಾ ಕೆಳಗೆ ಮೂರು ವರ್ಷ ಕದಲದೆ ನಿಂತಿರಬೇಕು. ನಿಲ್ಲಿಸಿದವರಲ್ಲಿ ಸುಮಾರು ಅರ್ಧ ಮಂದಿಗೆ ಕಾಯಿಲೆ ತಲೆಯೆತ್ತುತ್ತದೆ, ಹೆಚ್ಚಿನವರಿಗೆ ಮೊದಲ ಆರು ತಿಂಗಳಲ್ಲೇ. ಅದಕ್ಕಾಗಿ ಆ ಆರು ತಿಂಗಳು ಪ್ರತಿ ತಿಂಗಳೂ ಪಿ.ಸಿ.ಆರ್., ಆಮೇಲೆ ವರ್ಷ ತುಂಬುವವರೆಗೆ ಎರಡು ತಿಂಗಳಿಗೊಮ್ಮೆ, ನಂತರ ಮೂರು ತಿಂಗಳಿಗೊಮ್ಮೆ. ಶೇ. 0.1 ದಾಟಿದರೆ ಮತ್ತೆ ಮಾತ್ರೆ, ಬಹುತೇಕ ಎಲ್ಲರಿಗೂ ಹಿಡಿತಕ್ಕೆ ಬರುತ್ತದೆ. ಇಷ್ಟು ಪರೀಕ್ಷೆಯ ಖರ್ಚು ಮಾತ್ರೆಗಿಂತ ಹೆಚ್ಚಾದೀತು. ಅದನ್ನು ಭರಿಸಲು ಆಗದಿದ್ದರೆ ನಿಲ್ಲಿಸದಿರುವುದೇ ಮೇಲು ಎಂಬುದು ನಮ್ಮ ಅಭಿಪ್ರಾಯ. ನಿಲ್ಲಿಸಿದ ಮೇಲೆ ಕೆಲವು ತಿಂಗಳು ಕೀಲು ಮೈ ನೋವು ಬಂದರೆ ಹೆದರಬೇಡಿ, ಅದು ಮಾತ್ರೆ ಬಿಟ್ಟದ್ದರ ನೋವು.

ಪ್ರಶ್ನೆ: ಮಾತ್ರೆ ಜೀವನಪೂರ್ತಿ ಎಂದರೆ ಹಣ ಎಲ್ಲಿಂದ ತರುವುದು?
— ಪಾಂಡವಪುರ

ಉತ್ತರ: ಇಮಾಟಿನಿಬ್ ಅಮೆರಿಕದಲ್ಲಿ 2001ರಲ್ಲಿ ಮಾರುಕಟ್ಟೆಗೆ ಬಂದಾಗ ಅದು ಬಡವರಿಗೆ ನಿಲುಕುವ ಮಾತೇ ಇರಲಿಲ್ಲ. ಅದರ ಪೇಟೆಂಟ್ ಅರ್ಜಿಯನ್ನು ನಮ್ಮ ಸುಪ್ರೀಂ ಕೋರ್ಟ್ 2013ರ ಏಪ್ರಿಲ್ 1ರಂದು ತಳ್ಳಿಹಾಕಿತು, ಭಾರತದ ಕಂಪನಿಗಳ ಜೆನೆರಿಕ್ ಮಾತ್ರೆ ಉಳಿದುಕೊಂಡಿತು. ಜೆನೆರಿಕ್ ಎಂದು ಅನುಮಾನಿಸಬೇಡಿ, ದೇಶದ ಬಹುಪಾಲು ರೋಗಿಗಳು ಅದರಲ್ಲೇ ಇದ್ದಾರೆ. ಕಂಪನಿ ಬದಲಾದಾಗ ಮಾತ್ರ ತಾರೀಖು ಬರೆದಿಡಿ, ಪಿ.ಸಿ.ಆರ್. ಏರಿದರೆ ಹೊಂದಿಸಿ ನೋಡಲು.

ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ, ಎ.ಪಿ.ಎಲ್.ನವರಿಗೆ ಪ್ಯಾಕೇಜ್ ದರದ ಶೇ. 30 ಸಿಗುತ್ತದೆ. ಮೊದಲು ಸರ್ಕಾರಿ ಆಸ್ಪತ್ರೆಗೆ, ಅಂದರೆ ಮಂಡ್ಯದ ಮಿಮ್ಸ್ ಅಥವಾ ಮೈಸೂರಿನ ಕೆ.ಆರ್. ಆಸ್ಪತ್ರೆಗೆ ಹೋಗಿ. ಅಲ್ಲಿ ಇಲ್ಲದ ಚಿಕಿತ್ಸೆಗೆ ರೆಫರಲ್ ಚೀಟಿ ಪಡೆದು ಬೆಂಗಳೂರಿನ ಕಿದ್ವಾಯಿಗೋ ಯೋಜನೆಗೆ ಸೇರಿದ ಬೇರೆ ಆಸ್ಪತ್ರೆಗೋ ಹೋಗಬಹುದು. ಪಡಿತರ ಚೀಟಿ, ಆಧಾರ್, ಮೊದಲ ಮಜ್ಜೆ ವರದಿ, ಈವರೆಗಿನ ಎಲ್ಲ ಪಿ.ಸಿ.ಆರ್. ವರದಿ ಒಂದೇ ಫೈಲಿನಲ್ಲಿರಲಿ. ಮಾತ್ರೆ ಖಾಲಿಯಾಗುವ ಹತ್ತು ದಿನ ಮುಂಚೆ ಹೊರಡಿ, ಸರ್ವರ್ ಡೌನ್ ಎಂದು ವಾಪಸ್ ಕಳಿಸಿದರೂ ಕೈಯಲ್ಲಿ ಮಾತ್ರೆ ಇರುತ್ತದೆ.

ಪ್ರಶ್ನೆ: ಇಮಾಟಿನಿಬ್ ತೆಗೆದುಕೊಳ್ಳುವವರು ಹಲ್ಲು ಕೀಳಿಸಬಹುದೇ?
— ಮಂಡ್ಯ

ಉತ್ತರ: ಕೀಳಿಸಬಹುದು. ಆ ವಾರದ ಸಿ.ಬಿ.ಸಿ. ತೋರಿಸಿ. ಪ್ಲೇಟ್‌ಲೆಟ್ 50,000ಕ್ಕಿಂತ, ನ್ಯೂಟ್ರೋಫಿಲ್ 1,000ಕ್ಕಿಂತ ಕಡಿಮೆಯಿದ್ದರೆ ಮುಂದೂಡಬೇಕು. ಆಂಟಿಬಯಾಟಿಕ್ ಬರೆಯುವಾಗ ಕ್ಲಾರಿತ್ರೋಮೈಸಿನ್ ಬೇಡ ಎಂದು ದಂತವೈದ್ಯರಿಗೆ ನೀವೇ ನೆನಪಿಸಿ, ಅದು ರಕ್ತದಲ್ಲಿ ಇಮಾಟಿನಿಬ್ ಮಟ್ಟವನ್ನು ಏರಿಸುತ್ತದೆ. ಅಮಾಕ್ಸಿಸಿಲಿನ್ ಒಗ್ಗುವವರಿಗೆ ಅದೇ ಸಾಕು.